ಟರ್ಬಟ್: ತೂಕ ಏರಿದಂತೆ ದರವೂ ಏರುವ ಮೀನು

ಯುರೋಪಿನ ಮೀನು ಹರಾಜಿನಲ್ಲಿ ಟರ್ಬಟ್‌ಗೆ ಒಂದೇ ದರ ಇರುವುದಿಲ್ಲ. ಗಾತ್ರ ನೋಡಿ ಬೇರೆ ಬೇರೆ ಪೆಟ್ಟಿಗೆಗೆ ಹಾಕುತ್ತಾರೆ. ಮೀನು ದೊಡ್ಡದಾದಷ್ಟೂ ಕಿಲೋ ದರವೇ ಏರುತ್ತದೆ. ಐದು ಕಿಲೋದ ಒಂದು ಮೀನಿನ ದುಡ್ಡಿಗೆ ಕಿಲೋ ತೂಗುವ ಐದು ಮೀನು ಕೊಂಡರೂ ಕೈಯಲ್ಲಿ ಕಾಸು ಉಳಿಯುತ್ತದೆ. ಐವತ್ತು ವರ್ಷಗಳಲ್ಲಿ ಈ ಮೀನಿನ ವ್ಯಾಪಾರ ಕಂಡ ಏಳುಬೀಳುಗಳಲ್ಲಿ ಬಹುಪಾಲು ಈ ಲೆಕ್ಕದ ಸುತ್ತಲೇ ಇವೆ.

ನಮ್ಮ ಕರಾವಳಿಯಲ್ಲಿ ನಂಗು ತಿಂದವರಿಗೆ ಚಪ್ಪಟೆ ಮೀನು ಹೊಸದಲ್ಲ. ಟರ್ಬಟ್ ಅದೇ ಬಳಗದ್ದಾದರೂ ದುಂಡಗೆ, ದಪ್ಪಗೆ ಬೆಳೆಯುತ್ತದೆ. ಮೈಮೇಲೆ ಹುರುಪೆಯ ಬದಲು ಎಲುಬಿನ ಗಂಟುಗಳು. ಇದರ ದೊಡ್ಡಸ್ತಿಕೆ ಹಳೆಯದು. ಚಕ್ರವರ್ತಿ ಡೊಮಿಷಿಯನ್ ತನಗೆ ಕಾಣಿಕೆಯಾಗಿ ಬಂದ ಟರ್ಬಟ್ ಹಿಡಿಸುವ ಪಾತ್ರೆಯಿಲ್ಲವೆಂದು ಸಭೆಯನ್ನೇ ಕರೆದನೆಂದು ರೋಮಿನ ಕವಿ ಜುವೆನಲ್ ಗೇಲಿ ಮಾಡಿದ್ದಾನೆ.

ಉತ್ತರ ಸಮುದ್ರದಲ್ಲಿ ಟರ್ಬಟ್ ಹೆಚ್ಚಾಗಿ ಸೋಲ್, ಪ್ಲೇಸ್ ಮೀನುಗಳಿಗೆ ಹಾಕಿದ ಬಲೆಯಲ್ಲಿ ಜೊತೆಗೆ ಸಿಗುವಂಥದ್ದು. ಬೇಡಿಕೆ ಇದೆಯೆಂದು ಹೆಚ್ಚು ಹಿಡಿದು ತರುವಂತಿಲ್ಲ.  ಸಾಕಿದರೆ ಹೇಗೆ ಎಂಬ ಯೋಚನೆ ಬಂದದ್ದು ಹೀಗೆ.

1970ರ ದಶಕದಲ್ಲಿ ಸ್ಕಾಟ್ಲೆಂಡಿನಲ್ಲಿ ಶುರುವಾದ ಸಾಕಣೆ ನೆಲೆಯೂರಿದ್ದು ಸ್ಪೇನಿನ ಗಲೀಷಿಯಾದಲ್ಲಿ. ಅಲ್ಲಿನ ಕಡಲು ತಂಪು, ಟರ್ಬಟ್‌ಗೆ ಒಗ್ಗುವಂಥದ್ದು. ಕಷ್ಟವಿದ್ದದ್ದು ಮರಿಗಳಲ್ಲಿ. ಮೊಟ್ಟೆಯೊಡೆದ ಮರಿ ಉಳಿದ ಮೀನುಗಳಂತೆಯೇ ನೆಟ್ಟಗೆ ಈಜುತ್ತದೆ. ಕೆಲವು ವಾರಗಳಲ್ಲಿ ಬಲಗಣ್ಣು ನೆತ್ತಿ ದಾಟಿ ಎಡಕ್ಕೆ ಸರಿದು, ಮರಿ ತಳಕ್ಕೆ ಇಳಿಯುತ್ತದೆ. ಮೊದಮೊದಲು ಅದಕ್ಕೆ ಜೀವಂತ ಪುಟ್ಟ ಜಲಜೀವಿಗಳೇ ಆಹಾರ. ಈ ಹಂತದಲ್ಲಿ ರಾಶಿ ರಾಶಿ ಮರಿಗಳು ಸಾಯುತ್ತಿದ್ದವು. ಆ ಗಂಟು ಬಿಚ್ಚಿಕೊಂಡ ಮೇಲೆ ಉತ್ಪಾದನೆ ದಿಢೀರನೆ ಏರಿತು. ಕೊಳ್ಳುವ ಜಾಲ ಇನ್ನೂ ತಯಾರಿರಲಿಲ್ಲ. 1990ರ ದಶಕದ ಆರಂಭದಲ್ಲಿ ದರ ಕುಸಿದು ಹಲವರು ಬಾಗಿಲು ಮುಚ್ಚಿದರು.

ಚೀನಾದ್ದು ಬೇರೆಯೇ ಕಥೆ. 1992ರಲ್ಲಿ ಚಿಂಗ್‌ದಾವ್‌ನ ವಿಜ್ಞಾನಿ ಲೇ ಜಿಲಿನ್ ಬ್ರಿಟನ್ನಿನಿಂದ ಟರ್ಬಟ್ ಮರಿಗಳನ್ನು ತರಿಸಿದರು. ಚಿಂಗ್‌ದಾವ್ ಇರುವ ಶಾನ್‌ಡಾಂಗ್ ಕರಾವಳಿಯ ಬೇಸಿಗೆಯನ್ನು ಈ ಮೀನು ತಾಳದು. ಅದಕ್ಕೆ ಅಲ್ಲಿಯವರು ಕಂಡುಕೊಂಡ ಉಪಾಯ ಸರಳ: ಕೊಳವೆಬಾವಿಯಿಂದ ತಂಪಾದ ಉಪ್ಪುನೀರು ಎತ್ತಿ, ಹಸಿರುಮನೆಯಂಥ ಶೆಡ್ಡಿನೊಳಗಿನ ತೊಟ್ಟಿಗಳಿಗೆ ಹರಿಸುವುದು. ಹತ್ತು-ಹದಿನೈದು ವರ್ಷಗಳಲ್ಲಿ ಚೀನಾ ಯುರೋಪನ್ನು ಎಷ್ಟೋ ಹಿಂದೆ ಹಾಕಿತು. ಅಲ್ಲಿ ಬೆಳೆದದ್ದು ಬಹುತೇಕ ಅಲ್ಲಿನ ಹೋಟೆಲುಗಳ ಗಾಜಿನ ತೊಟ್ಟಿಗಳಿಗೇ, ಜೀವಂತವಾಗಿ ಹೋಗುತ್ತಿತ್ತು. 2006ರ ನವೆಂಬರಿನಲ್ಲಿ ಶಾಂಘೈ ಅಧಿಕಾರಿಗಳು ಪರೀಕ್ಷಿಸಿದ 30 ಮಾದರಿಗಳಲ್ಲೂ ನಿಷೇಧಿತ ಔಷಧಗಳ ಅಂಶ ಸಿಕ್ಕಿತು. ಊರೂರಲ್ಲಿ ಮಾರಾಟ ನಿಂತಿತು, ದರ ನೆಲಕಚ್ಚಿತು. ಔಷಧ ಹಾಕದೆ ಸಾಕಿದವರ ಮೀನನ್ನೂ ಕೇಳುವವರಿರಲಿಲ್ಲ.

ಯುರೋಪಿನ ಪೆಟ್ಟು ಬೇರೆ ಬಗೆಯದು. ಗಲೀಷಿಯಾದಲ್ಲಿ ಸಂರಕ್ಷಿತ ಕಡಲತೀರದ ಜಾಗ ಸಿಗದ ಪೆಸ್ಕನೋವಾ ಕಂಪನಿ ಪೋರ್ಚುಗಲ್ಲಿನ ಮೀರಾದಲ್ಲಿ ವರ್ಷಕ್ಕೆ 7,000 ಟನ್ ಗುರಿಯ ಭಾರಿ ಘಟಕ ಕಟ್ಟಿ 2009ರಲ್ಲಿ ತೆರೆಯಿತು. 2013ರಲ್ಲಿ ಕಂಪನಿಯೇ ದಿವಾಳಿ ಅರ್ಜಿ ಹಾಕಿತು.

ಇಷ್ಟೆಲ್ಲ ಆದರೂ ಕಡಲಲ್ಲಿ ಹಿಡಿದ ದೊಡ್ಡ ಟರ್ಬಟ್‌ನ ಬೆಲೆ ಇಳಿಯಲಿಲ್ಲ. ಬಾಸ್ಕ್ ನಾಡಿನ ಗೆತಾರಿಯಾದಲ್ಲಿ ಇಡೀ ಮೀನನ್ನು ತಂತಿಯ ಬುಟ್ಟಿಯಲ್ಲಿ ಬಿಗಿದು, ಚರ್ಮ ಸಮೇತ ಕೆಂಡದ ಮೇಲೆ ಸುಡುತ್ತಾರೆ. ಚರ್ಮದಡಿಯ ಅಂಟು ಕರಗಿ ಎಣ್ಣೆಯೊಂದಿಗೆ ಬೆರೆತರೆ ಅದೇ ಸಾರು. ಸಣ್ಣ ಮೀನಾದರೆ ಅಂಟು ಕರಗುವ ಮೊದಲೇ ಮಾಂಸ ಒಣಗುತ್ತದೆ. ಸಾಕಿದ ಮೀನು ಸಾಮಾನ್ಯವಾಗಿ ಸಣ್ಣ ಗಾತ್ರದಲ್ಲೇ ಮಾರಾಟವಾಗುವುದರಿಂದ ಅದರ ಗಿರಾಕಿಗಳೇ ಬೇರೆಯಾದರು.

ಈಗ ಸಾಕುವವರ ಕಣ್ಣೂ ದೊಡ್ಡ ಗಾತ್ರದ ಮೇಲಿದೆ. ಹೆಚ್ಚು ಕಾಲ ಸಾಕಿದರೆ ಮೇವಿನ ಖರ್ಚು, ರೋಗದ ಭಯ ಎರಡೂ ಹೆಚ್ಚು. ಟರ್ಬಟ್‌ನಲ್ಲಿ ಹೆಣ್ಣು ಬೇಗ ಬೆಳೆಯುತ್ತದೆ, ಗಂಡು ಬೇಗ ಬಲಿತು ಹಿಂದೆ ಬೀಳುತ್ತದೆ. ಬರೀ ಹೆಣ್ಣುಮರಿಗಳನ್ನೇ ಪಡೆಯುವ ಸಂಶೋಧನೆಗೆ ಯುರೋಪು, ಚೀನಾ ಎರಡೂ ಕಡೆ ದುಡ್ಡು ಹರಿಯುತ್ತಿರುವುದು ಅದಕ್ಕೇ.