ಹುಲಿ ಮನುಷ್ಯನಾದ ಊರು



ಜಪಾನಿನ ಇಸಾವೊ ತಕಾಹಾತ 1994ರಲ್ಲಿ ತೆಗೆದ 'ಪೊಂ ಪೊಕೊ' ಚಿತ್ರ ನೋಡಿದ್ದೀರಾ? ಟೋಕಿಯೋ ಪಕ್ಕದ ತಾಮಾ ಗುಡ್ಡಗಳನ್ನು ಕಡಿದು ಬಡಾವಣೆ ಎಬ್ಬಿಸುವಾಗ, ಅಲ್ಲಿನ ತನುಕಿಗಳು, ಅಂದರೆ ನಾಯಿ ಜಾತಿಯ ಒಂದು ಕಾಡುಪ್ರಾಣಿ, ರೂಪ ಬದಲಿಸಿ ಹೋರಾಡಿ ಸೋಲುತ್ತವೆ. ಕೊನೆಗೆ ವೇಷದ ವಿದ್ಯೆ ಬಲ್ಲವು ಸೂಟು ತೊಟ್ಟು ಮನುಷ್ಯರಂತೆ ನೌಕರಿಗೆ ಹೊರಡುತ್ತವೆ. ವಿದ್ಯೆ ಬಾರದವು ಅಳಿದುಳಿದ ಪೊದೆಗಳಲ್ಲಿ ಹೇಗೋ ಬದುಕಬೇಕು.

ಆ ಕೊನೆ ನೋಡಿ ನನಗೆ ನೆನಪಾದದ್ದು ಜೇಜುರಿ!

ಪುಣೆಯಿಂದ ಸುಮಾರು 50 ಕಿಲೋಮೀಟರ್, ಪುರಂದರ ತಾಲೂಕು. ಅಲ್ಲಿನ ಖಂಡೋಬಾ ಬೇರೆ ಯಾರೂ ಅಲ್ಲ, ನಮ್ಮ ಮೈಲಾರಲಿಂಗನೇ. ಮರಾಠಿ ಭಕ್ತರು ಭಂಡಾರ ಎರಚುತ್ತಾ ಕೂಗುವ 'ಯೇಳಕೋಟ್'ನಲ್ಲಿ ನಮ್ಮ 'ಏಳು ಕೋಟಿ' ಕೇಳಿಸುತ್ತದೆ. ಕನ್ನಡ ಕಲಿಯದೆಯೇ ಕನ್ನಡ ಕೂಗುವ ಊರು ಅದು.

ಅಲ್ಲಿ ದೇವರ ಹಾಡು ಹಾಡುವವರು ವಾಘ್ಯಾಗಳು. ವಾಘ್ ಎಂದರೆ ಹುಲಿ. ದೇವರ ದರ್ಶನವಾದೊಡನೆ ಹುಲಿಗಳೇ ಮನುಷ್ಯರಾಗಿ ಅವನ ಸೇವೆಗೆ ನಿಂತವು ಎಂಬುದು ಐತಿಹ್ಯ. ನಮ್ಮಲ್ಲಿ ಇವರಿಗೆ ವಗ್ಗಯ್ಯ, ಗೊರವಯ್ಯ ಎನ್ನುತ್ತಾರೆ. ಕರಿ ಕಂಬಳಿ, ಕೈಯಲ್ಲಿ ಡಮರುಗ. ದೋಣಿ ಸೇವೆ ನೋಡಿದವರಿಗೆ ಗೊತ್ತು: ಗೊರವರು ನಾಯಿಯಂತೆ ಬೊಗಳುತ್ತಾ, ದೋಣಿಯಲ್ಲಿಟ್ಟ ಹಾಲು, ಬಾಳೆಹಣ್ಣಿಗೆ ನೇರ ಬಾಯಿ ಹಾಕುತ್ತಾರೆ.

ಹುಲಿಯಾಗಿದ್ದವನು ನಾಯಿಯಾದದ್ದು ಹೇಗೆ? ಖಂಡೋಬಾ ಧನಗರರ, ನಮ್ಮ ಕುರುಬರ ದೇವರು. ಜರ್ಮನ್ ವಿದ್ವಾಂಸ ಗುಂಥರ್ ಸೊಂಥೈಮರ್ ಕುರಿಗಾಹಿಗಳ ಇಂಥ ಕಥೆಗಳನ್ನು ಹುಡುಕುತ್ತ ವರ್ಷಗಟ್ಟಲೆ ಓಡಾಡಿದರು. ಕುರಿ ಕಾಯುವವನಿಗೆ ಹುಲಿ ಶತ್ರು, ನಾಯಿ ಕಾವಲು. ಆ ಶತ್ರುವನ್ನು ಕಥೆಯೊಳಗೆ ಕೊಲ್ಲದೆ, ದೇವರ ಹಟ್ಟಿಯ ಕಾವಲಿಗೆ ಕಟ್ಟಿಕೊಂಡರು ಅಂತ ನನಗನಿಸುತ್ತದೆ. ತಾಮಾ ಗುಡ್ಡದಲ್ಲಿ ಆಗದ ರಾಜಿ ಇಲ್ಲಿ ಕಥೆಯಲ್ಲಾದರೂ ಆಯಿತು.

ಕಥೆಯಲ್ಲಿ ಮಾತ್ರ ಅನ್ನಿ. ವಾಘ್ಯಾಗಳು ಭಂಡಾರ ತುಂಬಿಕೊಳ್ಳುತ್ತಿದ್ದ ಚೀಲ ಹುಲಿಚರ್ಮದ್ದು. 1972ರ ವನ್ಯಜೀವಿ ಕಾಯ್ದೆ ಬರುವಷ್ಟರಲ್ಲಿ ಆ ಬಯಲುಸೀಮೆಯ ಗುಡ್ಡಗಳಲ್ಲಿ ಹುಲಿ ಎಲ್ಲಿತ್ತು? ಮುರಳಿಯರ ಮಾತೂ ಮರೆಯುವಂತಿಲ್ಲ. ದೇವರಿಗೆ ಮದುವೆ ಮಾಡಿಬಿಟ್ಟ ಆ ಹೆಣ್ಣುಮಕ್ಕಳನ್ನು ಯಾರೂ ಕೇಳಿ ಕಳಿಸಿದ್ದಲ್ಲ. ಮುಂಬಯಿ ಪ್ರಾಂತ್ಯ 1934ರಲ್ಲೇ ದೇವದಾಸಿ ಕಾಯ್ದೆ ತಂದಿತು. ಆದರೂ ಮಹಾರಾಷ್ಟ್ರ 2005ರಲ್ಲಿ ಇನ್ನೊಂದನ್ನು ಮಾಡಬೇಕಾಯಿತು.

ಚಿತ್ರದ ಕಡೆಯ ದೃಶ್ಯದಲ್ಲಿ ಆಫೀಸಿನಿಂದ ಮರಳುವ ತನುಕಿಯೊಂದು ಹಳೇ ಗೆಳೆಯರನ್ನು ಕಂಡು, ಸೂಟು ಕಿತ್ತೆಸೆದು, ತನುಕಿಯಾಗಿ ಕುಣಿಯುತ್ತದೆ. ಕ್ಯಾಮೆರಾ ಹಿಂದೆ ಸರಿದಾಗ ಗೊತ್ತಾಗುತ್ತದೆ, ಅದು ಕಾಡಲ್ಲ, ಗಾಲ್ಫ್ ಮೈದಾನ. ಗೊರವನದು ಉಲ್ಟಾ: ದೋಣಿ ಖಾಲಿಯಾದ ಮೇಲೆ ಬಾಯಿ ಒರೆಸಿಕೊಂಡು ಎದ್ದು, ಮತ್ತೆ ಮನುಷ್ಯನಾಗುತ್ತಾನೆ.

ಜೇಜುರಿಗೆ ಹೋಗುವುದಾದರೆ ಸೋಮವತಿ ಅಮಾವಾಸ್ಯೆಗೆ ಹೋಗಿ, ಪಲ್ಲಕ್ಕಿ ಕರ್ಹಾ ನದಿಗೆ ಇಳಿಯುತ್ತದೆ. ಬಿಳಿ ಅಂಗಿ ಮಾತ್ರ ಬೇಡ, ಅರಿಶಿನ ಹೋಗುವುದಿಲ್ಲ!