ಅಕ್ಕರೆಯಿಂದ ಅಕ್ಕಿಮೂಟೆಯವರೆಗೆ



‘ಚಾರಿಟಿ’ ಎಂಬ ಆಂಗ್ಲ ಪದವನ್ನು ಕೇಳದ ಕ್ರೈಸ್ತ ಕುಟುಂಬ ನಮ್ಮಲ್ಲಿ ವಿರಳ. ಚಾರಿಟಬಲ್ ಟ್ರಸ್ಟ್, ಚಾರಿಟಿ ಶೋ, ಮಿಷನರೀಸ್ ಆಫ್ ಚಾರಿಟಿ ಎಂದು ಅದು ಆಗಾಗ ನಮ್ಮ ಕಿವಿಗೆ ಬೀಳುತ್ತಲೇ ಇರುತ್ತದೆ. ಅರ್ಥವೇನೆಂದು ಯಾರಾದರೂ ಕೇಳಿದರೆ ದಾನ, ಧರ್ಮ, ಪರೋಪಕಾರ ಎಂದು ಉತ್ತರಿಸುತ್ತೇವೆ. ಆದರೆ ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 13ನೆಯ ಅಧ್ಯಾಯವನ್ನು ಹಳೆಯದೊಂದು ಆಂಗ್ಲ ಬೈಬಲಿನಲ್ಲಿ ತೆರೆದು ನೋಡಿ. ಇರುವ ಆಸ್ತಿಯನ್ನೆಲ್ಲ ಬಡವರಿಗೆ ಹಂಚಿದರೂ ‘ಚಾರಿಟಿ’ ಇಲ್ಲದಿದ್ದರೆ ಏನೂ ಪ್ರಯೋಜನವಿಲ್ಲವೆಂದು ಪ್ರೇಷಿತರು ಅಲ್ಲಿ ಹೇಳುತ್ತಾರೆ. ಆಸ್ತಿಯನ್ನೆಲ್ಲ ಹಂಚಿದ ಮೇಲೂ ದಾನವಿಲ್ಲವೆಂದರೇನು? ಗುರುಮಠದಲ್ಲಿ ಓದುತ್ತಿದ್ದಾಗ ಈ ಪ್ರಶ್ನೆ ನನ್ನನ್ನು ಬಹುದಿನ ಕಾಡಿತ್ತು. ಉತ್ತರ ಆ ಪದದ ಚರಿತ್ರೆಯಲ್ಲಿದೆ.

ಲತೀನ್ ಭಾಷೆಯಲ್ಲಿ ‘ಕಾರುಸ್’ ಎಂದರೆ ಪ್ರಿಯವಾದದ್ದು. ಬೆಲೆ ಹೆಚ್ಚಿನದು ಎಂಬ ಅರ್ಥವೂ ಅದಕ್ಕುಂಟು. ಅದರಿಂದ ಹುಟ್ಟಿದ ಪದ ‘ಕಾರಿತಾಸ್’. ರೋಮಿನ ಪೇಟೆಯಲ್ಲಿ ಧಾನ್ಯ ತುಟ್ಟಿಯಾದರೆ ಅದೂ ಕಾರಿತಾಸ್. ತಂದೆತಾಯಿಯರ ಮೇಲಿನ, ಹುಟ್ಟಿದ ನಾಡಿನ ಮೇಲಿನ ಮಮತೆಯೂ ಕಾರಿತಾಸ್. ಸಿಸೆರೋ ಎಂಬ ವಾಗ್ಮಿ ಈ ಎರಡನೆಯ ಅರ್ಥದಲ್ಲಿ ಅದನ್ನು ಬಳಸಿದ್ದಾನೆ. ಇದೇನು ವಿಚಿತ್ರವೆನ್ನಬೇಡಿ. ಸಂಸ್ಕೃತದ ‘ಪ್ರಿಯ’ ಶಬ್ದಕ್ಕೂ ದುಬಾರಿ ಎಂಬ ಅರ್ಥವಿದೆ; ನಮ್ಮ ನೆರೆಯ ತೆಲುಗರು ಬೆಲೆಯೇರಿದ ವಸ್ತುವನ್ನು ‘ಪ್ರಿಯಂ’ ಎಂದೇ ಕರೆಯುತ್ತಾರೆ. ಯಾವುದು ನಮಗೆ ಪ್ರಿಯವೋ ಅದಕ್ಕೆ ನಾವು ಬೆಲೆ ತೆರುತ್ತೇವೆ ಎಂಬ ಅನುಭವ ಎಲ್ಲ ಜನರಿಗೂ ಒಂದೇ ಇರಬೇಕು.

ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿರುವ ‘ಅಗಾಪೆ’ ಎಂಬ ಪದವನ್ನು ಲತೀನಿಗೆ ತರುವಾಗ ಅನುವಾದಕರು ‘ಅಮೋರ್’ ಎಂಬ ಬಳಕೆಯ ಮಾತನ್ನು ದೂರವಿಟ್ಟರು. ಅದಕ್ಕೆ ಕಾಮದ ವಾಸನೆ ಅಂಟಿಕೊಂಡಿತ್ತು. ಬದಲಿಗೆ ಹಲವು ಕಡೆ ‘ಕಾರಿತಾಸ್’ ಎಂದರು. ದೇವರು ಪ್ರೀತಿಸ್ವರೂಪಿ ಎಂದು ಸಂತ ಯೊವಾನ್ನರು ಬರೆದಲ್ಲಿಯೂ ಅದೇ ಪದ. ಫ್ರೆಂಚಿನ ಮೂಲಕ ಅದು 12ನೆಯ ಶತಮಾನದಲ್ಲಿ ‘ಚಾರಿಟಿ’ಯಾಗಿ ಇಂಗ್ಲಿಷನ್ನು ಸೇರಿತು. ದೇವರ ಮೇಲಿನ ಹಾಗೂ ನೆರೆಯವರ ಮೇಲಿನ ಪ್ರೀತಿಯೇ ಆಗಲೂ ಅದರ ಅರ್ಥ. ಆದರೆ ಆ ಪ್ರೀತಿ ಕಣ್ಣಿಗೆ ಕಾಣುತ್ತಿದ್ದುದು ಹಸಿದವರಿಗೆ ಹಾಕಿದ ಅನ್ನದಲ್ಲಿ. ಬರಬರುತ್ತಾ ಮರದ ಹೆಸರು ಹಣ್ಣಿಗೆ ಬಂತು. ಕಡೆಗೆ ಹಣ್ಣೇ ಉಳಿದು ಮರ ಮರೆತುಹೋಯಿತು.

ಈ ಒಂದು ಪದಕ್ಕಾಗಿ ಇಬ್ಬರು ಮಹಾಪಂಡಿತರು ಕಾದಾಡಿದ್ದುಂಟು. 1526ರಲ್ಲಿ ವಿಲಿಯಂ ಟಿಂಡೇಲ್ ಹೊಸ ಒಡಂಬಡಿಕೆಯನ್ನು ಗ್ರೀಕಿನಿಂದ ಇಂಗ್ಲಿಷಿಗೆ ತಂದು ಅಚ್ಚು ಹಾಕಿಸಿದಾಗ ‘ಚಾರಿಟಿ’ಯನ್ನು ಕೈಬಿಟ್ಟು ‘ಲವ್’ ಎಂದು ಬರೆದ. 1529ರಲ್ಲಿ ಸಂತ ಥಾಮಸ್ ಮೋರರು ಇದನ್ನು ಕಟುವಾಗಿ ಖಂಡಿಸಿದರು. ‘ಲವ್’ ಎಂಬುದು ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಸಲ್ಲುವ ಮಾತು, ‘ಚಾರಿಟಿ’ಯಾದರೋ ಪವಿತ್ರವಾದ ಪ್ರೀತಿಗೆ ಮಾತ್ರ ಮೀಸಲು ಎಂಬುದು ಅವರ ವಾದ. ಟಿಂಡೇಲ್ 1531ರಲ್ಲಿ ಉತ್ತರ ಕೊಟ್ಟ. ಜನರ ಬಾಯಲ್ಲಿ ‘ಚಾರಿಟಿ’ ಎಂದರೆ ಭಿಕ್ಷೆ, ಕನಿಕರ, ತಾಳ್ಮೆ ಎಂದೆಲ್ಲ ಆಗಿದೆ. ಅಲ್ಲದೆ ಅದು ಕ್ರಿಯಾಪದವೂ ಆಗದು, ದೇವರನ್ನು ಪ್ರೀತಿಸು ಎನ್ನಬಹುದೇ ಹೊರತು ದೇವರನ್ನು ‘ಚಾರಿಟಿಸು’ ಎನ್ನಲಾದೀತೇ ಎಂಬುದು ಅವನ ಪ್ರಶ್ನೆ. ಜಗಳ ಕೇವಲ ವ್ಯಾಕರಣದ್ದಲ್ಲವೆಂದು ಇಬ್ಬರೂ ಬಲ್ಲರು. ಧರ್ಮಸಭೆ, ಗುರು, ಪ್ರಾಯಶ್ಚಿತ್ತ ಎಂಬ ಪದಗಳನ್ನೂ ಟಿಂಡೇಲ್ ಬದಲಿಸಿದ್ದ. 1535ರ ಜುಲೈಯಲ್ಲಿ ಲಂಡನ್ನಿನಲ್ಲಿ ಮೋರರ ಶಿರಚ್ಛೇದವಾಯಿತು. 1536ರಲ್ಲಿ ಬ್ರಸೆಲ್ಸ್ ಬಳಿಯ ವಿಲ್ವೋರ್ಡೆಯಲ್ಲಿ ಟಿಂಡೇಲನನ್ನು ಕತ್ತು ಹಿಸುಕಿ ಸುಟ್ಟರು. ಪ್ರೀತಿಯ ಬಗ್ಗೆ ವಾದಿಸಿದ ಇಬ್ಬರಿಗೂ ಆ ಕಾಲ ಪ್ರೀತಿ ತೋರಲಿಲ್ಲ.

ಗೆದ್ದವರಾರು? 1582ರ ಕಥೋಲಿಕ ರೀಮ್ಸ್ ಅನುವಾದ ‘ಚಾರಿಟಿ’ಯನ್ನು ಉಳಿಸಿಕೊಂಡಿತು. 1611ರ ಕಿಂಗ್ ಜೇಮ್ಸ್ ಬೈಬಲ್ ಪೌಲರ ಈ ಅಧ್ಯಾಯದಲ್ಲಿ ಅದನ್ನೇ ಬಳಸಿ, ಬೇರೆ ಹಲವೆಡೆ ‘ಲವ್’ ಎಂದಿತು. 1881ರ ಪರಿಷ್ಕರಣೆಯಲ್ಲಿ ಇಲ್ಲಿಯೂ ‘ಲವ್’ ಬಂತು. ಕಥೋಲಿಕರು ಇನ್ನೂ ಬಹುಕಾಲ ತಡೆದು, ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರದ ಅನುವಾದಗಳಲ್ಲಿ ಆ ಹಾದಿ ಹಿಡಿದರು. ನಾನು ಸಂತ ಮೋರರ ಭಕ್ತ. ಆದರೂ ಈ ಪದದ ಮಟ್ಟಿಗೆ ಟಿಂಡೇಲ್ ಹೇಳಿದಂತೆಯೇ ಆಯಿತೆಂದು ಒಪ್ಪಬೇಕು. ಮೋರರ ಅಂಜಿಕೆಯೂ ಸುಳ್ಳಾಗಲಿಲ್ಲವೆನ್ನಿ. ಸಿನಿಮಾದಿಂದ ಐಸ್‌ಕ್ರೀಮಿನವರೆಗೆ ಇಂದು ಎಲ್ಲವೂ ‘ಲವ್’. ಆ ‘ಲವ್’ ನಮ್ಮ ‘ಲೋಭ’ದ ದೂರದ ಬಂಧು, ಎರಡರ ಧಾತುವೂ ಒಂದೇ ಎಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ.

ಇತ್ತ ‘ಚಾರಿಟಿ’ ಕಾನೂನಿನ ಪುಸ್ತಕ ಸೇರಿತು. ರಾಣಿ ಎಲಿಜಬೆತಳ 1601ರ ಶಾಸನವೊಂದು ಮುದುಕರ ಪಾಲನೆ, ಶಾಲೆ, ಸೆರೆಯಾಳುಗಳ ಬಿಡುಗಡೆಯ ಜೊತೆಗೆ ಸೇತುವೆಗಳ ದುರಸ್ತಿಯನ್ನೂ ಚಾರಿಟಿಯ ಪಟ್ಟಿಗೆ ಸೇರಿಸಿತು. ನಮ್ಮ ದೇಶಕ್ಕೂ 1890ರಲ್ಲಿ ಚಾರಿಟಬಲ್ ಎಂಡೋಮೆಂಟ್ಸ್ ಕಾಯಿದೆ ಬಂತು. ಕನ್ನಡದಲ್ಲಿ ಅದಕ್ಕೆ ಶಾಸನಗಳ ಕಾಲದಿಂದ ಬಂದ ‘ದತ್ತಿ’ ಎಂಬ ಚೆಂದದ ಮಾತು ಸಿಕ್ಕಿತು. ಅಷ್ಟರಲ್ಲಿ ಇಂಗ್ಲಿಷಿನಲ್ಲಿ ‘ಚಾರಿಟಿಯಷ್ಟು ತಣ್ಣಗೆ’ ಎಂಬ ನುಡಿಗಟ್ಟೂ ಹುಟ್ಟಿತ್ತು. ಬೆಚ್ಚಗಿನ ಮಮತೆಯ ಹೆಸರಾಗಿದ್ದ ಪದಕ್ಕೆ ಎಂಥ ಗತಿ!

ಅದರ ಸಮಾನಪದಗಳ ಕಥೆಯೂ ಹೀಗೆಯೇ. ಭಿಕ್ಷೆ ಎಂಬ ಅರ್ಥದ ‘ಆಮ್ಸ್’ ಗ್ರೀಕಿನ ‘ಎಲೆಯೆಮೊಸೂನೆ’ ಸವೆದು ಆದದ್ದು. ಅದು ಕರುಣೆಯನ್ನು ಸೂಚಿಸುವ ಪದ. ಬಲಿಪೂಜೆಯಲ್ಲಿ ನಾವು ಹೇಳುವ ‘ಕೀರಿಯೆ ಎಲೆಯಿಸೋನ್’ ಅದರ ಒಡಹುಟ್ಟು. ‘ಫಿಲಾಂತ್ರಪಿ’ ಎಂದರೆ ಮಾನವಪ್ರೇಮ. ಹಡಗೊಡೆದು ಮಾಲ್ಟಾ ದ್ವೀಪ ಸೇರಿದ ಪೌಲರಿಗೆ ದ್ವೀಪದವರು ಬೆಂಕಿ ಹೊತ್ತಿಸಿ ತೋರಿದ ಆದರಕ್ಕೆ ಪ್ರೇಷಿತರ ಕಾರ್ಯಕಲಾಪಗಳಲ್ಲಿ ಇದೇ ಪದವಿದೆ. ಇಂದು ಅದು ಕೋಟ್ಯಧೀಶರ ಸೊತ್ತು. ನಮ್ಮ ‘ಧರ್ಮ’ವಾದರೂ ತಪ್ಪಿಸಿಕೊಂಡಿತೇ? ಜಗತ್ತನ್ನೇ ಹೊತ್ತು ನಿಂತ ಆ ಪದ ಬಾಗಿಲಲ್ಲಿ ನಿಂತವರ ‘ಧರ್ಮ ಮಾಡಿ ತಾಯೀ’ಗೆ ಇಳಿಯಿತು, ಅಲ್ಲಿಂದ ‘ಧರ್ಮಕ್ಕೆ ಸಿಕ್ಕಿದ್ದು’ ಎಂದಾಯಿತು, ಕೊನೆಗೆ ‘ಧರ್ಮದೇಟಿ’ಗೂ ಬಂತು!

2005ರ ಡಿಸೆಂಬರ್ 25ರಂದು ಸಹಿ ಮಾಡಿದ ತಮ್ಮ ಮೊದಲ ವಿಶ್ವಪತ್ರದಲ್ಲಿ ಜಗದ್ಗುರು ಹದಿನಾರನೆಯ ಬೆನೆಡಿಕ್ಟರು ಆ ಹಳೆಯ ‘ಕಾರಿತಾಸ್’ ಅನ್ನು ಮತ್ತೆ ಕೈಗೆತ್ತಿಕೊಂಡರು. ಕೊಡುವ ವಸ್ತುವಿನೊಂದಿಗೆ ಕೊಡುವವನು ತಾನೂ ಇರದಿದ್ದರೆ ಆ ಕೊಡುಗೆ ಪಡೆದವನನ್ನು ಕುಗ್ಗಿಸುತ್ತದೆ ಎಂಬರ್ಥದ ಮಾತು ಅದರಲ್ಲಿದೆ. ಅದನ್ನು ಓದುವಾಗ ನನಗೆ ನನ್ನದೇ ತಪ್ಪೊಂದು ನೆನಪಾಯಿತು.

ಗುರುದೀಕ್ಷೆಯಾದ ಹೊಸತು. ಕ್ರಿಸ್ಮಸ್ಸಿನ ಮುಂಚೆ ಬಡ ಕುಟುಂಬಗಳಿಗೆ ಅಕ್ಕಿಮೂಟೆ ಹಂಚುವುದಿತ್ತು. ಭಾನುವಾರದ ಪೂಜೆಯ ಕೊನೆಗೆ ಎಲ್ಲರೆದುರು ಪಟ್ಟಿಯನ್ನು ಗಟ್ಟಿಯಾಗಿ ಓದಿಬಿಟ್ಟೆ. ಒಬ್ಬ ವಿಧವೆ ತಮ್ಮ ಹೆಸರು ಬಂದೊಡನೆ ಸೆರಗು ಹೊದ್ದು ಹೊರನಡೆದರು. ಮೂಟೆ ಸಂಜೆಯವರೆಗೂ ಜಗಲಿಯಲ್ಲೇ ಉಳಿಯಿತು. ಮರುದಿನ ಅದನ್ನು ಸೈಕಲ್ಲಿನ ಮೇಲೆ ಹೇರಿಕೊಂಡು ಅವರ ಮನೆಗೆ ಹೋದೆ. ಆ ತಾಯಿ ಮೂಟೆಯತ್ತ ನೋಡಲಿಲ್ಲ. ಒಳಗಿನಿಂದ ಒಂದು ಲೋಟ ಬೆಲ್ಲದ ಕಾಫಿ ತಂದು ಕೈಗಿತ್ತು, “ಮೊದಲು ಇದನ್ನು ಕುಡೀರಿ ಸ್ವಾಮಿ, ಆಮೇಲೆ ಮಾತು” ಎಂದರು. ಕುಡಿದೆ. ಬಹಳ ಹೊತ್ತು ಮಾತಾಡಿದೆವು. ಹೊರಡುವಾಗ ಅವರೇ ಮೂಟೆಯ ಒಂದು ಕೊನೆ ಹಿಡಿದರು, ಇನ್ನೊಂದನ್ನು ನಾನು ಹಿಡಿದೆ.