ಗುಳ್ಳೆಗಳ ಮೇಲೊಂದು ಚಳುವಳಿ

ಬಿಯರ್ ವಿಷಯ ಅಂತ ಮೂಗು ಮುರಿಯಬೇಡಿ. ಇದು ನಿಜಕ್ಕೂ ಗ್ಯಾಸಿನ ಕಥೆ :)

ಗೋಲಿ ಸೋಡಾದಲ್ಲಿ ಚುರುಗುಟ್ಟುತ್ತದಲ್ಲ, ಆ ಇಂಗಾಲದ ಡೈಆಕ್ಸೈಡೇ ಬಿಯರಿನಲ್ಲೂ ಇರುವುದು. ಸೋಡಾ ಹುಟ್ಟಿದ್ದೇ ಬಿಯರಿನ ಪಕ್ಕದಲ್ಲಿ! 1767ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಬಿಯರ್ ಕಾರ್ಖಾನೆಯ ಪಕ್ಕ ವಾಸವಿದ್ದ ಜೋಸೆಫ್ ಪ್ರೀಸ್ಟ್ಲಿ, ಅಲ್ಲಿನ ತೊಟ್ಟಿಗಳ ಮೇಲೆ ನಿಲ್ಲುತ್ತಿದ್ದ 'ಗಾಳಿ'ಯನ್ನು ನೀರಿಗೆ ಬೆರೆಸಿ ನೋಡಿದ. 1803ರಲ್ಲಿ ವಿಲಿಯಂ ಹೆನ್ರಿ ಇದರ ಲೆಕ್ಕ ಕೊಟ್ಟ: ಒತ್ತಡ ಹೆಚ್ಚಿದಷ್ಟೂ ದ್ರವದಲ್ಲಿ ಕರಗುವ ಅನಿಲವೂ ಹೆಚ್ಚು. ನಾವೆಲ್ಲ ಪರೀಕ್ಷೆಗಾಗಿ ಉರು ಹೊಡೆದ ಅದೇ ಹೆನ್ರಿಯ ನಿಯಮ.

ಬ್ರಿಟನ್ನಿನ ಹಳೆಯ ಪದ್ಧತಿಯಲ್ಲಿ ಪೀಪಾಯಿಯೊಳಗೆ ಯೀಸ್ಟ್ ಇನ್ನೂ ಬದುಕಿರುತ್ತದೆ. ಗ್ಯಾಸನ್ನು ಅದೇ ತಯಾರಿಸುತ್ತದೆ. 12 ಡಿಗ್ರಿ ಆಸುಪಾಸಿನ ನೆಲಮಾಳಿಗೆ, ಕೈಪಂಪು, ಒಂದು ಲೀಟರ್ ಬಿಯರಿಗೆ ಹೆಚ್ಚುಕಡಿಮೆ ಒಂದು ಲೀಟರ್ ಗ್ಯಾಸು. ಆದರೆ ಬಿಯರ್ ಖಾಲಿಯಾದಂತೆ ಒಳಗೆ ಗಾಳಿ ನುಗ್ಗುತ್ತದೆ, ಕೆಲವೇ ದಿನಗಳಲ್ಲಿ ರುಚಿ ಕೆಡುತ್ತದೆ. ಪಬ್‌ನವನಿಗೆ ಕೈಗುಣ ಇರಲೇಬೇಕು.

1930ರ ದಶಕದಲ್ಲಿ ವಾಟ್ನಿ ಕಂಪನಿ ಬೇರೆ ದಾರಿ ಹಿಡಿಯಿತು. ಬಿಯರನ್ನು ಸೋಸಿ, ಬಿಸಿ ಮಾಡಿ, ಯೀಸ್ಟ್ ಸಾಯಿಸಿ, ಮುಚ್ಚಿದ ಕೆಗ್‌ಗೆ ತುಂಬಿ, ಹೊರಗಿನಿಂದ ಗ್ಯಾಸಿನ ಒತ್ತಡ ಕೊಡುವುದು. ಇದೇ 'ರೆಡ್ ಬ್ಯಾರಲ್'. ಗ್ಯಾಸೂ ಹೆಚ್ಚು. ಕೆಗ್‌ನ ಲಾಗರ್, ಸೈಡರ್‌ಗಳಲ್ಲಿ ಸುಮಾರು ಎರಡೂವರೆ ಪಟ್ಟು. ಕೆಡುವುದಿಲ್ಲ, ಎಲ್ಲಿ ಕುಡಿದರೂ ಒಂದೇ ರುಚಿ. ಇಂಜಿನಿಯರ್ ಆಗಿ ನೋಡಿದರೆ ಸೊಗಸಾದ ಪರಿಹಾರವೇ!

ತಕರಾರು ಶುರುವಾದದ್ದು ಬೇರೆ ಕಡೆ. 1960ರ ದಶಕದ ಹೊತ್ತಿಗೆ ಬ್ರಿಟನ್ನಿನ ಸಾವಿರಾರು ಪಬ್‌ಗಳು ಕೆಲವೇ ದೊಡ್ಡ ಕಂಪನಿಗಳ ಕೈಯಲ್ಲಿದ್ದವು. ಕಂಪನಿ ಕೆಗ್ ಇಡು ಎಂದರೆ ಊರಿನವರಿಗೆಲ್ಲ ಕೆಗ್ಗೇ ಗತಿ.

1971ರಲ್ಲಿ ಐರ್ಲೆಂಡಿನ ಕೆರ್ರಿಗೆ ಪ್ರವಾಸ ಹೋಗಿದ್ದ ನಾಲ್ವರು ಇಂಗ್ಲಿಷ್ ಯುವಕರು ಇದರ ವಿರುದ್ಧ ಸಂಘ ಕಟ್ಟಿದರು, ಅದೂ ಒಂದು ಬಾರಿನಲ್ಲಿ ಕೂತು. ಅದೇ ಮುಂದೆ 'ಕ್ಯಾಮ್ರಾ' ಎಂದು ಹೆಸರಾಯಿತು. 'ರಿಯಲ್ ಏಲ್' ಎಂದರೆ ಪೀಪಾಯಿಯಲ್ಲೇ ಮಾಗಿರಬೇಕು, ಹೊರಗಿನ ಗ್ಯಾಸು ಸೋಕಬಾರದು ಅನ್ನುವುದು ಅವರ ನಿಯಮವಾಗಿತ್ತು. ತಮಾಷೆಯೆಂದರೆ ಅದೇ ಕಾಲಕ್ಕೆ ವಾಟ್ನಿ ಕಂಪನಿ ಮಾವೋ, ಕ್ಯಾಸ್ಟ್ರೋ ಹೋಲುವವರನ್ನಿಟ್ಟುಕೊಂಡು 'ಕೆಂಪು ಕ್ರಾಂತಿ' ಅಂತ ಜಾಹೀರಾತು ಹಾಕುತ್ತಿತ್ತು. ಕ್ರಾಂತಿ ಆಯಿತು, ಅವರ ವಿರುದ್ಧವೇ!

ಆದರೆ ನಿಯಮವೂ ಮಡಿಯಾಗಿಬಿಡುತ್ತದೆ. ಬಿಯರ್ ಖಾಲಿಯಾದ ಜಾಗಕ್ಕೆ ಗಾಳಿಯ ಬದಲು ಗ್ಯಾಸು ಬಿಡುವ 'ಕ್ಯಾಸ್ಕ್ ಬ್ರೀದರ್' ಎಂಬ ಸಾಧನವಿದೆ. ಒತ್ತಡ ಹೊರಗಿನ ಗಾಳಿಯಷ್ಟೇ, ಹಾಗಾಗಿ ಹೆನ್ರಿಯ ಪ್ರಕಾರ ಗುಳ್ಳೆ ಹೆಚ್ಚುವುದಿಲ್ಲ. ಆದರೂ ಹೊರಗಿನ ಗ್ಯಾಸೆಂದು ಅದನ್ನೂ ವಿರೋಧಿಸುತ್ತಿದ್ದರು. ಆ ವಿರೋಧ ಕೈಬಿಟ್ಟದ್ದು 2018ರಲ್ಲಿ.

ನನಗನ್ನಿಸುವುದಿಷ್ಟು: ಜಗಳ ಗುಳ್ಳೆಯದಲ್ಲ. ಎಷ್ಟು ಗುಳ್ಳೆ ಬೇಕು ಅಂತ ನಿರ್ಧರಿಸುವವರು ಯಾರು, ಕುಡಿಯುವವನೋ, ಮಾರುವವನೋ? ಈ ಪ್ರಶ್ನೆ ಬಿಯರಿಗಷ್ಟೇ ಸೀಮಿತವೂ ಅಲ್ಲ. ನೀವೇನಂತೀರಿ?